ಗಾಳಿಯಂತ್ರದಿಂದ ಗ್ರಿಡ್‌ಗೆ ಆಸರೆ

ಚಿತ್ರದುರ್ಗದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಈ ಊರಿನವರಿಗೆ ಗಾಳಿಯಂತ್ರ ಹೊಸದಲ್ಲ. ಹೈವೇಯಲ್ಲಿ ಬಂದರೂ ಕಾಣುತ್ತವೆ, ಗುಡ್ಡ ಹತ್ತಿದರೂ ಕಾಣುತ್ತವೆ. ಅವುಗಳ ಬಗ್ಗೆ ನಾನು ಜಾಸ್ತಿ ಕೇಳಿರುವ ಮಾತು ಒಂದೇ. "ಗಾಳಿ ಕರೆಂಟನ್ನ ನಂಬೋಕಾಗಲ್ಲ, ಬೀಸಿದ್ರೆ ಉಂಟು, ಇಲ್ಲದಿದ್ರೆ ಇಲ್ಲ, ಗ್ರಿಡ್‌ಗೆ ಅದೊಂದು ಹೊರೆ." ಓದಿದವರೂ ಹೀಗೇ ಹೇಳುತ್ತಾರೆ. ಸಬ್‌ಸ್ಟೇಷನ್‌ನಲ್ಲಿ ಕೆಲಸ ಮಾಡುವವರೂ ಹೇಳುತ್ತಾರೆ. ಗಾಳಿ ನಮ್ಮ ಮಾತು ಕೇಳಲ್ಲ ಅನ್ನೋದು ನಿಜ. ಗ್ರಿಡ್‌ಗೆ, ಅಂದರೆ ಸ್ಥಾವರಗಳನ್ನೂ ಊರುಗಳನ್ನೂ ಜೋಡಿಸುವ ವಿದ್ಯುತ್ ಜಾಲಕ್ಕೆ, ಹೊರೆ ಅನ್ನೋದನ್ನು ನಾನು ಒಪ್ಪಲ್ಲ. ಗುಡ್ಡದ ಮೇಲೆ ತಿರುಗುತ್ತಿರುವ ಈ ಯಂತ್ರಕ್ಕೆ ಗ್ರಿಡ್ಡನ್ನು ಹಿಡಿದು ನಿಲ್ಲಿಸುವ ಶಕ್ತಿ ಇದೆ. ನಾವು ಅದನ್ನು ಕೇಳಿಲ್ಲ, ಕೇಳಿದರೂ ಅದಕ್ಕೆ ದುಡ್ಡು ಕೊಟ್ಟಿಲ್ಲ. ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಇಷ್ಟೇ.

ಮೊದಲು ಗ್ರಿಡ್ ಅಲುಗಾಡುವುದು ಅಂದರೇನು ನೋಡೋಣ. ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಅಲೆಯಾಗಿ ಏಳುತ್ತದೆ, ಬೀಳುತ್ತದೆ. ಈ ಲಯಕ್ಕೆ ಫ್ರೀಕ್ವೆನ್ಸಿ ಅಂತಾರೆ. ಇದೇ 50 ಹರ್ಟ್ಸ್. ಶಕ್ತಿನಗರದ ರಾಯಚೂರು ಸ್ಥಾವರದಲ್ಲಿ, ಕೈಗಾದಲ್ಲಿ, ಶರಾವತಿಯಲ್ಲಿ, ಅತ್ತ ಪಂಜಾಬಿನಲ್ಲಿ, ಅಸ್ಸಾಮಿನಲ್ಲಿ ತಿರುಗುತ್ತಿರುವ ಎಲ್ಲ ದೊಡ್ಡ ಜನರೇಟರ್‌ಗಳೂ ಈ ಒಂದೇ ಲಯಕ್ಕೆ ಕಟ್ಟಿಬಿದ್ದಿವೆ. ಬಳಕೆ ಮತ್ತು ಉತ್ಪಾದನೆ ಸರಿಸಮ ಇದ್ದರೆ ಲಯ 50ರಲ್ಲಿ ನಿಲ್ಲುತ್ತದೆ. ಬಳಕೆ ಜಾಸ್ತಿಯಾದರೆ ಇಳಿಯುತ್ತದೆ, ಉತ್ಪಾದನೆ ಜಾಸ್ತಿಯಾದರೆ ಏರುತ್ತದೆ. ನಮ್ಮ ದೇಶದಲ್ಲಿ ಅದನ್ನು 49.90ರಿಂದ 50.05ರ ನಡುವೆ ಇಟ್ಟುಕೊಳ್ಳಬೇಕು ಅಂತ ನಿಯಮ ಇದೆ. ತೀರಾ ಕೆಳಗೆ, 49.4ಕ್ಕೆ ಇಳಿದರೆ ರಿಲೇಗಳು ಅನ್ನುವ ರಕ್ಷಣಾ ಸಾಧನಗಳು ತಾವೇ ಕೆಲವು ಫೀಡರ್‌ಗಳನ್ನು, ಅಂದರೆ ಊರಿಗೆ ಕರೆಂಟು ಒಯ್ಯುವ ಲೈನುಗಳನ್ನು, ಕತ್ತರಿಸಲು ಶುರು ಮಾಡುತ್ತವೆ. ಆಗ ಯಾವ ಊರು ಕತ್ತಲಾಗುತ್ತದೆ ಅಂತ ಯಾರೂ ಕೂತು ಯೋಚಿಸುವುದಿಲ್ಲ. ಅಷ್ಟು ಸಮಯ ಇರುವುದಿಲ್ಲ.

ಒಂದು ದೊಡ್ಡ ಸ್ಥಾವರ ಇದ್ದಕ್ಕಿದ್ದಂತೆ ಟ್ರಿಪ್ ಆಯಿತು ಅಂದುಕೊಳ್ಳಿ. ಬೇರೆ ಸ್ಥಾವರಗಳು ತಕ್ಷಣ ಅದನ್ನು ತುಂಬಿಕೊಡೋಕಾಗಲ್ಲ. ಕಲ್ಲಿದ್ದಲಿನ ಘಟಕದಲ್ಲಿ ವೇಗ ಕಾಯುವ ಸಾಧನವಾದ ಗವರ್ನರ್ ಹಬೆಯ ವಾಲ್ವ್ ತೆರೆಯಲು ಕೆಲವು ಸೆಕೆಂಡು ಬೇಕು. ಜಲವಿದ್ಯುತ್ತಿನಲ್ಲಿ ಇನ್ನೊಂದು ತೊಡಕಿದೆ. ಗೇಟ್ ತೆರೆದ ಮೊದಲ ಕ್ಷಣದಲ್ಲಿ ಪೈಪಿನ ನೀರು ವೇಗ ಹಿಡಿದಿರುವುದಿಲ್ಲ, ಒತ್ತಡ ಕುಸಿಯುತ್ತದೆ. ಹಾಗಾಗಿ ಉತ್ಪಾದನೆ ಏರುವ ಮುಂಚೆ ಸ್ವಲ್ಪ ಇಳಿಯುತ್ತದೆ! ಹಾಗಾದರೆ ಆ ಮೊದಲ ಕೆಲವು ಸೆಕೆಂಡು ಗ್ರಿಡ್ ಹಿಡಿಯುವವರು ಯಾರು? ಬೀಸುವ ಕಲ್ಲಿನ ಗೂಟ ಬಿಟ್ಟ ಮೇಲೂ ಕಲ್ಲು ಒಂದು ಸುತ್ತು ತಿರುಗುತ್ತದಲ್ವಾ? ಅದೇ ಕೆಲಸ ಇಲ್ಲಿ ನಡೆಯುತ್ತದೆ. ಜನರೇಟರ್‌ಗಳ ನೂರಾರು ಟನ್ ತೂಕದ ತಿರುಗುವ ಭಾಗಗಳು, ಅಂದರೆ ರೋಟರ್‌ಗಳು, ತಮ್ಮೊಳಗಿನ ಚಲನ ಶಕ್ತಿಯನ್ನು ಗ್ರಿಡ್‌ಗೆ ಸುರಿಯುತ್ತಾ ನಿಧಾನವಾಗುತ್ತವೆ. ಇದಕ್ಕೆ ಯಾರ ಆದೇಶವೂ ಬೇಡ. ಇದೇ ಜಡತ್ವ.

ಲೆಕ್ಕ ಹಾಕೋಣ. ಗ್ರಿಡ್‌ನಲ್ಲಿ 2 ಲಕ್ಷ ಮೆಗಾವಾಟ್ ಓಡುತ್ತಿದೆ. ಅದರಲ್ಲಿ 2,000 ಮೆಗಾವಾಟ್ ಒಮ್ಮೆಲೇ ಹೋಯಿತು. ಎಲ್ಲ ಯಂತ್ರಗಳಿಗೂ ಸರಾಸರಿ 4 ಸೆಕೆಂಡಿನ ಜಡತ್ವ ಇದೆ ಅಂತ ಇಟ್ಟುಕೊಳ್ಳಿ. ಅಂದರೆ ತಿರುಗುವ ಭಾಗದಲ್ಲಿರುವ ಶಕ್ತಿಯಿಂದಲೇ 4 ಸೆಕೆಂಡು ಪೂರ್ತಿ ಕರೆಂಟು ಕೊಡಬಹುದು ಅಂತ. ಆಗ ಫ್ರೀಕ್ವೆನ್ಸಿ ಸೆಕೆಂಡಿಗೆ ಸುಮಾರು 0.06 ಹರ್ಟ್ಸ್ ಇಳಿಯುತ್ತದೆ. ಯಂತ್ರಗಳಲ್ಲಿ ಅರ್ಧದಷ್ಟನ್ನು ಜಡತ್ವ ಕೊಡದ ಯಂತ್ರಗಳಿಗೆ ಬದಲಾಯಿಸಿ. ಈಗ ಎರಡರಷ್ಟು ವೇಗದಲ್ಲಿ ಇಳಿಯುತ್ತದೆ. ಅದೇ 2,000 ಮೆಗಾವಾಟ್ 40 ಸಾವಿರ ಮೆಗಾವಾಟಿನ ಸಣ್ಣ ಗ್ರಿಡ್‌ನಲ್ಲಿ ಹೋದರೆ? ಪೂರ್ತಿ ಜಡತ್ವ ಇದ್ದರೂ ಸೆಕೆಂಡಿಗೆ 0.3 ಹರ್ಟ್ಸ್. ಅಂದರೆ ಗವರ್ನರ್‌ಗಳು ಎಚ್ಚೆತ್ತುಕೊಳ್ಳುವ ಹೊತ್ತಿಗೆ ರಿಲೇಗಳ ಬಾಗಿಲಿಗೆ ಬಂದಿರುತ್ತೇವೆ.

ಇದಕ್ಕೇ ದೊಡ್ಡ ಗ್ರಿಡ್ ಒಳ್ಳೆಯದು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಮೂಲಕ ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್ ಜೊತೆ ಒಂದೇ ಲಯಕ್ಕೆ ಸೇರಿತು. ಆ ಲೈನಿನ ಒಂದು ತುದಿ ನಮ್ಮ ರಾಜ್ಯದಲ್ಲಿದೆ ಅನ್ನೋದು ನನಗೆ ಹೆಮ್ಮೆ. ಅದಕ್ಕೂ ಹದಿನೇಳು ತಿಂಗಳ ಹಿಂದೆ, 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾಗಿತ್ತು. ಎರಡನೇ ದಿನ ಪೂರ್ವ, ಈಶಾನ್ಯವೂ ಸೇರಿ 60 ಕೋಟಿಗೂ ಜಾಸ್ತಿ ಜನ ಇರುವ ಪ್ರದೇಶದಲ್ಲಿ ಕರೆಂಟು ಹೋಯಿತು. ದಕ್ಷಿಣ ಆಗ ಡಿಸಿ ಲಿಂಕ್‌ಗಳ, ಅಂದರೆ ಕರೆಂಟು ದಾಟಿಸಿದರೂ ಲಯವನ್ನು ದಾಟಿಸದ ಜೋಡಣೆಗಳ, ಮೂಲಕ ಮಾತ್ರ ಜೋಡಣೆಯಾಗಿದ್ದರಿಂದ ಪಾರಾಯಿತು. ಈಗ ನಾವೂ ಒಳಗಿದ್ದೇವೆ. ದೊಡ್ಡ ಗ್ರಿಡ್ಡಿನ ಬಲವೂ ನಮ್ಮದು, ಅದರ ಆತಂಕವೂ ನಮ್ಮದು.

ಈಗ ಗಾಳಿಯಂತ್ರಕ್ಕೆ ಬರೋಣ. ಅದೂ ತಿರುಗುವ ಯಂತ್ರವೇ. 50–60 ಮೀಟರ್ ಉದ್ದದ ಮೂರು ರೆಕ್ಕೆ. ಹಾಗಿದ್ದರೆ ಅದಕ್ಕೂ ಜಡತ್ವ ಇರಬೇಕಲ್ವಾ? ಇದೆ. ಆದರೆ ಗ್ರಿಡ್‌ಗೆ ಅದು ಕಾಣಿಸುವುದಿಲ್ಲ.

ಕಾರಣ ಇಲ್ಲಿದೆ. ಮೊದಮೊದಲು ಬಂದ ಸಣ್ಣ ಯಂತ್ರಗಳಲ್ಲಿ ಇಂಡಕ್ಷನ್ ಜನರೇಟರನ್ನು ನೇರವಾಗಿ ಲೈನಿಗೆ ಕಟ್ಟುತ್ತಿದ್ದರು. ವೇಗ ಹೆಚ್ಚುಕಡಿಮೆ ಸ್ಥಿರ. ಫ್ರೀಕ್ವೆನ್ಸಿ ಇಳಿದರೆ ಅವೂ ನಿಧಾನವಾಗಿ ಒಂದಿಷ್ಟು ಶಕ್ತಿ ಬಿಟ್ಟುಕೊಡುತ್ತಿದ್ದವು. ಆದರೆ ಗಾಳಿಯ ಒಂದೊಂದು ಹೊಡೆತವೂ ಗೇರ್‌ಬಾಕ್ಸಿನ ಮೇಲೆ ಬೀಳುತ್ತಿತ್ತು. ಲೈನಿನಿಂದ ರಿಯಾಕ್ಟಿವ್ ಪವರ್ (ಬಳಕೆಯಾಗದೆ ಲೈನಿನಲ್ಲಿ ಹಿಂದೆಮುಂದೆ ಓಡಾಡುತ್ತಾ ವೋಲ್ಟೇಜನ್ನು ಏರಿಳಿಸುವ ಶಕ್ತಿ) ಎಳೆದು ವೋಲ್ಟೇಜ್ ಕೆಡಿಸುತ್ತಿದ್ದವು. "ಗಾಳಿ ಅಂದ್ರೆ ಹೊರೆ" ಅನ್ನುವ ಮಾತು ಹುಟ್ಟಿದ್ದೇ ಆ ಕಾಲದಲ್ಲಿ, ಮತ್ತು ಆಗ ಅದಕ್ಕೆ ಆಧಾರ ಇತ್ತು. ಆಮೇಲೆ ಬಂದ ದೊಡ್ಡ ಯಂತ್ರಗಳು ಗಾಳಿಗೆ ತಕ್ಕಂತೆ ವೇಗ ಬದಲಿಸುತ್ತವೆ. ಅದಕ್ಕಾಗಿ ನಡುವೆ, ಯಂತ್ರದ ಕರೆಂಟನ್ನು ಗ್ರಿಡ್ಡಿನ ಅಲೆಗೆ ಹೊಂದಿಸಿ ಕೊಡುವ ಪವರ್ ಎಲೆಕ್ಟ್ರಾನಿಕ್ ಕನ್ವರ್ಟರ್ ಬಂತು. ಒಂದು ಬಗೆಯಲ್ಲಿ ಯಂತ್ರದ ಸುಮಾರು ಮೂರನೇ ಒಂದು ಭಾಗದ ಶಕ್ತಿ ಕನ್ವರ್ಟರ್ ಮೂಲಕ ಹೋಗುತ್ತದೆ, ಇನ್ನೊಂದು ಬಗೆಯಲ್ಲಿ ಪೂರ್ತಿ. ಕನ್ವರ್ಟರ್ ಬಂದದ್ದೇ ರೆಕ್ಕೆಗೂ ಗ್ರಿಡ್‌ಗೂ ನಂಟು ಕಳಚಿತು. ಗ್ರಿಡ್‌ನಲ್ಲಿ ಫ್ರೀಕ್ವೆನ್ಸಿ ಕುಸಿಯುತ್ತಿದ್ದರೂ ಮೇಲೆ ರೆಕ್ಕೆ ತನ್ನ ಪಾಡಿಗೆ ತಾನು ತಿರುಗುತ್ತಿರುತ್ತದೆ.

ಆದರೆ ಕನ್ವರ್ಟರ್‌ನ ನಡೆ ನಿರ್ಧರಿಸುವುದು ಸಾಫ್ಟ್‌ವೇರ್. ಫ್ರೀಕ್ವೆನ್ಸಿ ಇಳಿಯುತ್ತಿದೆ ಅಂತ ಕಂಡ ತಕ್ಷಣ ರೋಟರ್‌ನಿಂದ ಸ್ವಲ್ಪ ಜಾಸ್ತಿ ಶಕ್ತಿ ಎಳೆ ಅಂತ ಹೇಳಿದರೆ ಅದು ಸೆಕೆಂಡಿನ ಸಣ್ಣ ಭಾಗದಲ್ಲಿ ಎಳೆಯುತ್ತದೆ. ಹಬೆಯ ವಾಲ್ವ್‌ಗಿಂತ, ನೀರಿನ ಗೇಟ್‌ಗಿಂತ ಎಷ್ಟೋ ಬೇಗ.

ಎಷ್ಟು ಸಿಗುತ್ತದೆ? ವಿದ್ಯಾರ್ಥಿಗಳು ಇದನ್ನು ಬರೆದುಕೊಳ್ಳಿ. ಒಂದು 2 ಮೆಗಾವಾಟಿನ ಯಂತ್ರ, 4 ಸೆಕೆಂಡಿನ ಜಡತ್ವ. ಪೂರ್ತಿ ವೇಗದಲ್ಲಿ ಅದರಲ್ಲಿ 8 ಮೆಗಾಜೂಲ್ ಶಕ್ತಿ ಇರುತ್ತದೆ. ಗ್ರಿಡ್‌ಗೆ ಸಾಮರ್ಥ್ಯದ ಶೇ 10ರಷ್ಟು, ಅಂದರೆ 0.2 ಮೆಗಾವಾಟ್ ಹೆಚ್ಚುವರಿಯಾಗಿ 10 ಸೆಕೆಂಡು ಕೊಡಬೇಕು. ಅದು 2 ಮೆಗಾಜೂಲ್. ಕಾಲು ಭಾಗ ಶಕ್ತಿ ಹೋಯಿತು. ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಇರುವುದರಿಂದ ವೇಗ ಕಾಲು ಭಾಗ ಇಳಿಯುವುದಿಲ್ಲ, ಸುಮಾರು ಶೇ 13 ಮಾತ್ರ ಇಳಿಯುತ್ತದೆ. ರೆಕ್ಕೆ ತಡೆದುಕೊಳ್ಳುತ್ತದೆ. ಕೆಳಗೆ ನಿಂತು ನೋಡಿದವರಿಗೆ ಏನೋ ಆಯಿತು ಅಂತ ಗೊತ್ತಾಗುವುದೂ ಕಷ್ಟ. ಆ 10 ಸೆಕೆಂಡಿನಲ್ಲಿ ಗವರ್ನರ್‌ಗಳು ತಮ್ಮ ಕೆಲಸ ಶುರು ಮಾಡಿರುತ್ತವೆ.

ಇದು ಬರೀ ಪುಸ್ತಕದ ಲೆಕ್ಕ ಅಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ಇದನ್ನು ಕಡ್ಡಾಯ ಮಾಡಿ ವರ್ಷಗಳೇ ಆಗಿವೆ. ಅಲ್ಲಿನ ಗ್ರಿಡ್ ಅಕ್ಕಪಕ್ಕದವುಗಳ ಜೊತೆ ಒಂದೇ ಲಯದಲ್ಲಿಲ್ಲ, ಒಂಟಿ. ಹಾಗಾಗಿ ಅವರಿಗೆ ಈ ಭಯ ಮೊದಲೇ ಇತ್ತು. ಗಾಳಿಯಂತ್ರಗಳೂ ಜಡತ್ವ ಕೊಡಬೇಕು ಅಂತ ಅಲ್ಲಿನ ವಿದ್ಯುತ್ ಸಂಸ್ಥೆ ಹೈಡ್ರೊ-ಕ್ವಿಬೆಕ್ 2000ರ ದಶಕದಲ್ಲೇ ನಿಯಮ ಮಾಡಿತು. 2015ರ ಡಿಸೆಂಬರ್‌ನಲ್ಲಿ ಅದರ ಪರೀಕ್ಷೆ ನಡೆಯಿತು. ಒಂದು ಟ್ರಾನ್ಸ್‌ಫಾರ್ಮರ್ ಕೆಟ್ಟು 1,500 ಮೆಗಾವಾಟಿಗೂ ಜಾಸ್ತಿ ಉತ್ಪಾದನೆ ಒಮ್ಮೆಲೇ ಹೋಯಿತು. ಆಗ ಗಾಳಿಯಂತ್ರಗಳು ನೂರಕ್ಕೂ ಹೆಚ್ಚು ಮೆಗಾವಾಟ್ ಹೆಚ್ಚುವರಿ ಶಕ್ತಿ ಕೊಟ್ಟು ಕುಸಿತವನ್ನು ಹಿಡಿಯಲು ನೆರವಾದವು.

ಇದರಲ್ಲಿ ಒಂದು ಕೊರತೆಯೂ ಕಂಡುಬಂತು. ಅದನ್ನು ಮುಚ್ಚಿಡಬಾರದು. ರೆಕ್ಕೆ ನಿಧಾನವಾದ ಮೇಲೆ ಮತ್ತೆ ವೇಗ ಹಿಡಿಯಬೇಕು. ಅದಕ್ಕೆ ಗಾಳಿಯಿಂದ ಬರುವ ಶಕ್ತಿಯಲ್ಲೇ ಒಂದು ಪಾಲು ಬೇಕು. ಆ ಹೊತ್ತಿನಲ್ಲಿ ಗ್ರಿಡ್‌ಗೆ ಕೊಡುವುದು ಕಡಿಮೆಯಾಗುತ್ತದೆ. ಎಲ್ಲ ಯಂತ್ರಗಳೂ ಒಂದೇ ಸಲ ಹೀಗೆ ಮಾಡಿದರೆ ಫ್ರೀಕ್ವೆನ್ಸಿ ಎರಡನೇ ಸಲ ಇಳಿಯಬಹುದು. ಹಾಗಾಗಿ ಚೇತರಿಕೆಯನ್ನು ನಿಧಾನವಾಗಿ, ಬೇರೆ ಬೇರೆ ಹೊತ್ತಿಗೆ ಮಾಡಿಸಬೇಕು. ಇನ್ನೊಂದು ದಾರಿಯೂ ಇದೆ. ಗಾಳಿ ಚೆನ್ನಾಗಿರುವಾಗ ರೆಕ್ಕೆಯನ್ನು ಕೆಲವು ಡಿಗ್ರಿ ತಿರುಗಿಸಿ ಶೇ 90ರಲ್ಲೇ ಓಡಿಸುವುದು, ಉಳಿದದ್ದನ್ನು ಆಪತ್ಕಾಲಕ್ಕೆ ಇಟ್ಟುಕೊಳ್ಳುವುದು. ಆಗ ಎರಡನೇ ಕುಸಿತವಿಲ್ಲ. ಆದರೆ ಮಾರಬಹುದಾಗಿದ್ದ ಯೂನಿಟ್ ಕೈಬಿಟ್ಟು ಹೋಗುತ್ತದೆ. ದುಡ್ಡಿನ ಪ್ರಶ್ನೆ ಬರುವುದು ಇಲ್ಲಿಂದ. ಅದಕ್ಕೆ ಆಮೇಲೆ ಬರುತ್ತೇನೆ.

ಆಸರೆ ಕೊಡುವ ಮಾತಿಗಿಂತ ಮೊದಲು ಇನ್ನೊಂದು ಗುಣ ಬೇಕು. ಗಲಾಟೆಯಾದಾಗ ಓಡಿಹೋಗಬಾರದು. ಇದನ್ನು ಜಗತ್ತು ಕಲಿತದ್ದು ಎರಡು ದೊಡ್ಡ ಘಟನೆಗಳಿಂದ.

ಮೊದಲನೆಯದು ದಕ್ಷಿಣ ಆಸ್ಟ್ರೇಲಿಯಾ, 2016ರ ಸೆಪ್ಟೆಂಬರ್ 28. ಸುಂಟರಗಾಳಿಗೆ ಹೈಟೆನ್ಷನ್ ಟವರ್‌ಗಳು ಉರುಳಿದವು. ಎರಡು ನಿಮಿಷದೊಳಗೆ ಆರು ಸಲ ವೋಲ್ಟೇಜ್ ಕುಸಿಯಿತು. ಅಲ್ಲಿನ ಗಾಳಿಯಂತ್ರಗಳು ಒಂದೆರಡು ಕುಸಿತವನ್ನು ಆರಾಮಾಗಿ ತಡೆದುಕೊಂಡವು. ಆದರೆ ಅವುಗಳ ಸಾಫ್ಟ್‌ವೇರ್‌ನಲ್ಲಿ ಒಂದು ಎಣಿಕೆ ಇತ್ತು. ಇಷ್ಟು ನಿಮಿಷದಲ್ಲಿ ಇಷ್ಟು ಸಲ ಕುಸಿದರೆ ಯಂತ್ರದ ರಕ್ಷಣೆಗಾಗಿ ಉತ್ಪಾದನೆ ಇಳಿಸು, ಇಲ್ಲವೇ ಕಳಚಿಕೋ ಅಂತ. ಆ ಎಣಿಕೆ ಮುಟ್ಟಿದ್ದೇ 456 ಮೆಗಾವಾಟ್ ಮಾಯವಾಯಿತು. ಆ ಭಾರವೆಲ್ಲ ಪಕ್ಕದ ವಿಕ್ಟೋರಿಯಾದಿಂದ ಬರುವ ಲೈನಿನ ಮೇಲೆ ಬಿತ್ತು, ಅದೂ ಟ್ರಿಪ್ ಆಯಿತು. ಸುಮಾರು 8.5 ಲಕ್ಷ ಗ್ರಾಹಕರಿರುವ ಇಡೀ ರಾಜ್ಯ ಕತ್ತಲಾಯಿತು. ಆ ಸೆಟ್ಟಿಂಗ್ ಅಲ್ಲಿದೆ ಅಂತ ಗ್ರಿಡ್ ನಡೆಸುವವರಿಗೇ ಗೊತ್ತಿರಲಿಲ್ಲ! ನನ್ನನ್ನು ಇವತ್ತಿಗೂ ಕಾಡುವುದು ಅದೇ. ಆಮೇಲೆ ಸೆಟ್ಟಿಂಗ್ ಬದಲಾಯಿಸಿದರು. ಯಂತ್ರಗಳು ಅವೇ, ಗಾಳಿ ಅದೇ. ಕೆಲವೇ ವರ್ಷದಲ್ಲಿ ಅದೇ ರಾಜ್ಯದ ಹಾರ್ನ್ಸ್‌ಡೇಲ್ ಗಾಳಿ ಕೇಂದ್ರ ಫ್ರೀಕ್ವೆನ್ಸಿ ಕಾಯುವ ಸೇವೆಯನ್ನು ಮಾರುಕಟ್ಟೆಯಲ್ಲಿ ಮಾರಿ ತೋರಿಸಿತು.

ಎರಡನೆಯದು ಬ್ರಿಟನ್, 2019ರ ಆಗಸ್ಟ್ 9, ಶುಕ್ರವಾರ ಸಂಜೆ. ಒಂದು ಲೈನಿಗೆ ಸಿಡಿಲು ಬಡಿಯಿತು. ಸಿಡಿಲು ಅಲ್ಲಿ ದಿನನಿತ್ಯದ ಮಾತು, ಲೈನು ಸೆಕೆಂಡುಗಳಲ್ಲಿ ಮತ್ತೆ ಕೂಡಿಕೊಂಡಿತು. ಆದರೆ ಸಮುದ್ರದಲ್ಲಿರುವ ಹಾರ್ನ್‌ಸೀ ಗಾಳಿ ಕೇಂದ್ರದ ವೋಲ್ಟೇಜ್ ನಿಯಂತ್ರಣ ತೂಗಾಡಲು ಶುರುವಾಗಿ 737 ಮೆಗಾವಾಟ್ ಹೋಯಿತು. ಅದೇ ಹೊತ್ತಿಗೆ ಒಂದು ಗ್ಯಾಸ್ ಸ್ಥಾವರವೂ, ಊರೂರಿನ ಸಣ್ಣ ಜನರೇಟರ್‌ಗಳೂ ಕಳಚಿಕೊಂಡವು. ಫ್ರೀಕ್ವೆನ್ಸಿ 48.8ಕ್ಕೆ ಬಿತ್ತು. ರಿಲೇಗಳು ಸುಮಾರು 11 ಲಕ್ಷ ಗ್ರಾಹಕರ ಕರೆಂಟು ತೆಗೆದವು. ಮುಕ್ಕಾಲು ಗಂಟೆಯೊಳಗೆ ವಾಪಸ್ ಬಂತು. ಆದರೆ ಕೆಲವು ರೈಲುಗಳು ಕಡಿಮೆ ಫ್ರೀಕ್ವೆನ್ಸಿಗೆ ಲಾಕ್ ಆಗಿ, ತಂತ್ರಜ್ಞರು ಬಂದು ಬಿಡಿಸುವವರೆಗೆ ಹಳಿಯ ಮೇಲೇ ನಿಂತವು. ಹಾರ್ನ್‌ಸೀಯಲ್ಲಿ ಸರಿಮಾಡಬೇಕಾಗಿದ್ದದ್ದು ಸಾಫ್ಟ್‌ವೇರ್, ಅದನ್ನು ಬೇಗ ಸರಿಮಾಡಿದರು.

ಎರಡು ಕಡೆಯೂ ಸೋತದ್ದು ಗಾಳಿ ಅಲ್ಲ. ಯಂತ್ರಕ್ಕೆ ಯಾವಾಗ ಏನು ಮಾಡಬೇಕು ಅಂತ ಸರಿಯಾಗಿ ಹೇಳಿರಲಿಲ್ಲ, ಹೇಳಿದ್ದನ್ನು ಪರೀಕ್ಷೆ ಮಾಡಿರಲಿಲ್ಲ.

ವೋಲ್ಟೇಜ್ ಬಗ್ಗೆಯೂ ಎರಡು ಮಾತು. 2025ರ ಏಪ್ರಿಲ್ 28ರ ಮಧ್ಯಾಹ್ನ ಸ್ಪೇನ್ ಮತ್ತು ಪೋರ್ಚುಗಲ್‌ನ ಮುಖ್ಯ ಭೂಭಾಗ ಪೂರ್ತಿ ಕತ್ತಲಾಯಿತು. ಅದು ಫ್ರೀಕ್ವೆನ್ಸಿಯಿಂದ ಶುರುವಾದದ್ದಲ್ಲ, ವೋಲ್ಟೇಜ್ ಏರುತ್ತಾ ಹೋಗಿ ಒಂದರ ಹಿಂದೆ ಒಂದು ಕೇಂದ್ರ ಕಳಚಿಕೊಂಡಿತು. ಅಲ್ಲಿ ಸೌರ ಮತ್ತು ಗಾಳಿ ಕೇಂದ್ರಗಳಿಗೆ ವೋಲ್ಟೇಜ್ ಹಿಡಿಯುವ ಶಕ್ತಿ ಇತ್ತು. ಆದರೆ ನಿಯಮದ ಪ್ರಕಾರ ಅವು ಒಂದು ಸ್ಥಿರ ಪವರ್ ಫ್ಯಾಕ್ಟರ್‌ನಲ್ಲಿ, ಅಂದರೆ ವೋಲ್ಟೇಜ್ ಏನಾದರೂ ರಿಯಾಕ್ಟಿವ್ ಪವರಿನ ಪ್ರಮಾಣ ಬದಲಿಸದೆ, ಸುಮ್ನೆ ಕೂತಿರಬೇಕಿತ್ತು. ಪೂರ್ತಿ ಕನ್ವರ್ಟರ್ ಇರುವ ಗಾಳಿಯಂತ್ರ ಗಾಳಿಯೇ ಇಲ್ಲದ ರಾತ್ರಿಯಲ್ಲೂ ರಿಯಾಕ್ಟಿವ್ ಪವರ್ ಕೊಟ್ಟು, ತೆಗೆದುಕೊಂಡು ಲೈನಿನ ವೋಲ್ಟೇಜ್ ಸರಿಮಾಡಬಲ್ಲದು. ಪಂಪ್‌ಸೆಟ್ ಲೋಡ್ ಜಾಸ್ತಿ ಇರುವ ನಮ್ಮ ಬಯಲುಸೀಮೆಗೆ ಇದರ ಬೆಲೆ ಏನು ಅಂತ ಇಲ್ಲಿ ಕೂತಿರುವ ರೈತರಿಗೆ ನಾನು ಹೇಳಬೇಕಿಲ್ಲ.

ಇನ್ನೂ ಮುಂದೆ ಹೋದವರಿದ್ದಾರೆ. ಈವರೆಗೆ ಹೇಳಿದ ಕನ್ವರ್ಟರ್‌ಗಳೆಲ್ಲ ಗ್ರಿಡ್ಡಿನ ಅಲೆಯನ್ನು ನೋಡಿಕೊಂಡು ಅದರ ಹಿಂದೆ ಹೆಜ್ಜೆ ಹಾಕುತ್ತವೆ. ಅಲೆಯೇ ಇಲ್ಲದಿದ್ದರೆ ನಿಂತುಬಿಡುತ್ತವೆ. ಅಲೆಯನ್ನು ತಾನೇ ಎಬ್ಬಿಸುವ ಕನ್ವರ್ಟರ್ ಕೂಡ ಮಾಡಬಹುದು. ಸ್ಕಾಟ್‌ಲೆಂಡಿನ ಡರ್ಸಾಲಕ್ ಅನ್ನುವಲ್ಲಿ 23 ಯಂತ್ರಗಳ, 69 ಮೆಗಾವಾಟಿನ ಗಾಳಿ ಕೇಂದ್ರ ಇದೆ. 2019ರಲ್ಲಿ ಅದನ್ನು ಈ ರೀತಿಯಲ್ಲಿ ಓಡಿಸಿ ನೋಡಿದರು. ಮುಂದಿನ ವರ್ಷ, ಕರೆಂಟು ಹೋದ ಜಾಲಕ್ಕೆ ಗಾಳಿಯಂತ್ರಗಳಿಂದಲೇ ಮತ್ತೆ ಜೀವ ಕೊಡಬಹುದು ಅಂತ ತೋರಿಸಿದರು. ಐರ್ಲೆಂಡಿನ ಗ್ರಿಡ್ 2022ರಿಂದ, ಯಾವುದೇ ಕ್ಷಣದಲ್ಲಿ ಶೇ 75ರವರೆಗೆ ಗಾಳಿ ಮತ್ತಿತರ ಕನ್ವರ್ಟರ್ ಮೂಲಗಳಿಂದ ಓಡಬಹುದು ಅಂತ ಒಪ್ಪಿದೆ. ಅಷ್ಟು ಧೈರ್ಯ ಬರಲು ಅಲ್ಲಿ ತ್ವರಿತ ಫ್ರೀಕ್ವೆನ್ಸಿ ಸೇವೆಗೆ ಪ್ರತ್ಯೇಕ ದುಡ್ಡು ಕೊಡುವ ವ್ಯವಸ್ಥೆಯನ್ನೇ ಮಾಡಿಕೊಂಡರು.

ನಮ್ಮಲ್ಲಿ? ನಿಯಮ ಇದೆ, ಒಳ್ಳೆಯದೇ ಇದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಮಾನದಂಡದ ಪ್ರಕಾರ, ವೋಲ್ಟೇಜ್ ಶೇ 15ಕ್ಕೆ ಕುಸಿದರೂ ಗಾಳಿಯಂತ್ರ 0.3 ಸೆಕೆಂಡು ಕಳಚಿಕೊಳ್ಳದೆ ನಿಲ್ಲಬೇಕು. 2019ರ ತಿದ್ದುಪಡಿ ಇನ್ನೂ ಮುಂದೆ ಹೋಯಿತು. 10 ಮೆಗಾವಾಟಿಗಿಂತ ದೊಡ್ಡ, 33 ಕೆವಿ ಅಥವಾ ಅದಕ್ಕೂ ಮೇಲಿನ ಲೈನಿಗೆ ಸೇರುವ ಹೊಸ ಗಾಳಿ ಮತ್ತು ಸೌರ ಕೇಂದ್ರಗಳಲ್ಲಿ ಫ್ರೀಕ್ವೆನ್ಸಿ ನಿಯಂತ್ರಕ ಇರಬೇಕು. ಫ್ರೀಕ್ವೆನ್ಸಿ 0.3 ಹರ್ಟ್ಸ್‌ಗಿಂತ ಹೆಚ್ಚು ಸರಿದರೆ ಒಂದು ಸೆಕೆಂಡಿನೊಳಗೆ ಸಾಮರ್ಥ್ಯದ ಶೇ 10ರಷ್ಟಾದರೂ ಸ್ಪಂದಿಸುವ ಸೌಕರ್ಯ ಇರಬೇಕು.

ಸೌಕರ್ಯ ಇರಬೇಕು ಅಂದರು. ಬಳಸಿದರೆ ಏನು ಕೊಡುತ್ತೇವೆ ಅಂತ ಹೇಳಲಿಲ್ಲ. ಗಾಳಿ ಕೇಂದ್ರಕ್ಕೆ ನಾವು ದುಡ್ಡು ಕೊಡುವುದು ಯೂನಿಟ್ ಲೆಕ್ಕದಲ್ಲಿ. ಶೇ 10 ಹಿಡಿದಿಟ್ಟುಕೊಂಡವನಿಗೆ ಶೇ 10 ನಷ್ಟ. ಗ್ರಿಡ್ಡನ್ನು ಸ್ಥಿರವಾಗಿಡುವ ಇಂಥ ಸಹಾಯಕ ಸೇವೆಗಳಿಗಾಗಿ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ 2022ರಲ್ಲಿ ನಿಯಮ ತಂದಿತು. ಅದರಲ್ಲಿ ದುಡ್ಡು ಸಿಗುವುದು ನಂತರದ ಹಂತಗಳಿಗೆ. ಮೊದಲ ಕೆಲವು ಸೆಕೆಂಡಿನ ಕೆಲಸ ಕರ್ತವ್ಯ, ಅದಕ್ಕೆ ಬೆಲೆ ಇಲ್ಲ. ನನ್ನ ಪ್ರಕಾರ ಇದು ತಪ್ಪು. ಅತಿ ಕಷ್ಟದ, ಅತಿ ಬೇಗ ಮಾಡಬೇಕಾದ ಕೆಲಸಕ್ಕೆ ಸೊನ್ನೆ ಬೆಲೆ ಇಟ್ಟು, ಆಮೇಲೆ ಅದು ಸಿಗುತ್ತಿಲ್ಲ ಅಂತ ಗೊಣಗಿದರೆ ಆಗುತ್ತದಾ?

ಕರ್ನಾಟಕಕ್ಕೆ ಇದು ದೂರದ ವಿಷಯ ಅಲ್ಲ. ನಮ್ಮ ಗಾಳಿ ಸಾಮರ್ಥ್ಯ 7 ಸಾವಿರ ಮೆಗಾವಾಟ್ ದಾಟಿದೆ. ಆ ಗಾಳಿ ವರ್ಷವಿಡೀ ಒಂದೇ ಸಮ ಬರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮುಂಗಾರಿನಲ್ಲಿ ಭರ್ತಿಯಾಗಿ ಬೀಸುತ್ತದೆ. ಅದೇ ತಿಂಗಳುಗಳಲ್ಲಿ ಮಳೆಯಿಂದಾಗಿ ಪಂಪ್‌ಸೆಟ್ ಓಡುವುದಿಲ್ಲ, ಫ್ಯಾನು ಎಸಿ ಕಡಿಮೆ, ಬೇಡಿಕೆ ಇಳಿಯುತ್ತದೆ. ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಘಟಕಗಳಲ್ಲಿ ಕೆಲವನ್ನು ನಿಲ್ಲಿಸುತ್ತಾರೆ. ಲಿಂಗನಮಕ್ಕಿ ತುಂಬಲಿ ಅಂತ ಶರಾವತಿಯನ್ನೂ ಹಿಡಿದಿಡುತ್ತಾರೆ. ಅಂದರೆ ಗಾಳಿ ಅತಿ ಹೆಚ್ಚು ಇರುವ ಹೊತ್ತಿನಲ್ಲೇ ಭಾರದ ರೋಟರ್‌ಗಳು ಅತಿ ಕಡಿಮೆ ತಿರುಗುತ್ತಿರುತ್ತವೆ. ಜುಲೈನ ಒಂದು ರಾತ್ರಿ ಗ್ರಿಡ್‌ಗೆ ಪೆಟ್ಟು ಬಿದ್ದರೆ ನಮ್ಮ ಸುತ್ತಮುತ್ತ ಕೆಲಸದಲ್ಲಿರುವುದು ಗದಗಿನ, ಚಿತ್ರದುರ್ಗದ ಗುಡ್ಡದ ಮೇಲಿನ ಯಂತ್ರಗಳೇ. ಅವುಗಳಿಂದ ಆಸರೆ ಕೇಳದೆ ಇನ್ಯಾರಿಂದ ಕೇಳುವುದು?

ಇಲ್ಲಿಗೆ ನನ್ನ ಮಾತು ನಿಲ್ಲಿಸಿ ಪ್ರಶ್ನೆ ತೆಗೆದುಕೊಂಡೆ.

ಮೆಕ್ಯಾನಿಕಲ್ ವಿಭಾಗದ ವಿದ್ಯಾರ್ಥಿನಿಯೊಬ್ಬರು, ಹೀಗೆ ಎಳೆದಾಡಿದರೆ ಗೇರ್‌ಬಾಕ್ಸ್ ಬೇಗ ಸವೆಯುವುದಿಲ್ಲವೇ ಅಂತ ಕೇಳಿದರು. ತುಂಬಾ ಸರಿಯಾದ ಪ್ರಶ್ನೆ. ಶಕ್ತಿ ಎಳೆದಾಗ ಶಾಫ್ಟ್ ಮೇಲೆ ತಿರುಚುವ ಬಲ ಜಾಸ್ತಿಯಾಗುತ್ತದೆ. ಆದರೆ ದೊಡ್ಡ ಕುಸಿತಗಳು ಅಪರೂಪ, ಗಾಳಿಯ ದಿನನಿತ್ಯದ ಹೊಡೆತದ ಮುಂದೆ ಅದು ಸಣ್ಣದು. ದಿನವಿಡೀ ಸಣ್ಣ ಸಣ್ಣ ಏರಿಳಿತ ಸರಿಮಾಡಿಸಲು ಹೋದರೆ ಕಥೆ ಬೇರೆ. ಆಗ ರೆಕ್ಕೆ ತಿರುಗಿಸುವ ಬೇರಿಂಗ್‌ಗಳು ಪದೇ ಪದೇ ಆಡಿ ಸವೆಯುತ್ತವೆ. ಆ ಕೆಲಸಕ್ಕೆ ಬ್ಯಾಟರಿ ವಾಸಿ.

ಅದಕ್ಕೆ ಇನ್ನೊಬ್ಬರು, ಹಾಗಾದರೆ ಎಲ್ಲಕ್ಕೂ ಬ್ಯಾಟರಿಯೇ ಹಾಕಿದರೆ ಸಾಕಲ್ವಾ ಅಂದರು. ಬ್ಯಾಟರಿ ಬೇಕೇ ಬೇಕು, ಬರುತ್ತಲೂ ಇದೆ. ಆದರೆ ಅದಕ್ಕೆ ಹೊಸದಾಗಿ ದುಡ್ಡು, ಜಾಗ, ಲೈನು ಬೇಕು. ಗಾಳಿಯಂತ್ರ ಈಗಾಗಲೇ ನಿಂತಿದೆ. ರೋಟರ್ ಇದೆ, ಕನ್ವರ್ಟರ್ ಇದೆ, 33 ಕೆವಿ ಲೈನಿದೆ. ಬಹಳಷ್ಟು ಹೊಸ ಮಾದರಿಗಳಲ್ಲಿ ಬೇಕಾಗಿರುವುದು ನಿಯಂತ್ರಣದ ಬದಲಾವಣೆ ಮತ್ತು ಪರೀಕ್ಷೆ. ಹತ್ತು ಸೆಕೆಂಡಿನ ಕೆಲಸ ರೆಕ್ಕೆ ಮಾಡಲಿ, ಹತ್ತು ನಿಮಿಷದ್ದು ಬ್ಯಾಟರಿ ಮಾಡಲಿ.

ಕೊನೆಯ ಪ್ರಶ್ನೆ ಈ ಜಿಲ್ಲೆಯದ್ದೇ. ಇಲ್ಲಿನ ಹಳೇ ಸಣ್ಣ ಯಂತ್ರಗಳನ್ನು ಏನು ಮಾಡಬೇಕು? ಒಳ್ಳೆಯ ಗಾಳಿ ಇರುವ ಗುಡ್ಡಗಳಲ್ಲಿ ಕೂತಿರುವುದು ಅವೇ. ಅವುಗಳಿಗೆ ಈ ಹೊಸ ವಿದ್ಯೆ ಕಲಿಸೋಕಾಗಲ್ಲ, ಒಳಗೆ ಕನ್ವರ್ಟರೇ ಇಲ್ಲ. ಹಳೇ ಯಂತ್ರ ತೆಗೆದು ಅದೇ ಜಾಗದಲ್ಲಿ ದೊಡ್ಡದನ್ನು ನಿಲ್ಲಿಸಲು ಕೇಂದ್ರ ಸರ್ಕಾರ 2016ರಲ್ಲಿ ನೀತಿ ತಂದಿತು, 2023ರಲ್ಲಿ ಅದನ್ನು ಪರಿಷ್ಕರಿಸಿತು. ಬದಲಾವಣೆ ಹೇಗೂ ಆಗಬೇಕು. ಆಗ ಒಪ್ಪಂದದಲ್ಲಿ ಯೂನಿಟ್ ದರದ ಪಕ್ಕದಲ್ಲೇ ಎರಡು ಸಾಲು ಬರೆಯಲಿ: ಫ್ರೀಕ್ವೆನ್ಸಿ ಕುಸಿದಾಗ ಎಷ್ಟು ಕೊಡಬೇಕು, ಅದಕ್ಕೆ ಎಷ್ಟು ದುಡ್ಡು. ಮತ್ತೆ, ಯಂತ್ರ ಹಾಗೆ ಮಾಡುತ್ತದೆ ಅನ್ನುವುದಕ್ಕೆ ಕಂಪನಿಯ ಪ್ರಮಾಣಪತ್ರ ಸಾಲದು. ಗುಡ್ಡದ ಮೇಲೆಯೇ, ಗಾಳಿ ಬೀಸುತ್ತಿರುವಾಗ, ಗ್ರಿಡ್ ನಡೆಸುವ ಲೋಡ್ ಡಿಸ್‌ಪ್ಯಾಚ್ ಸೆಂಟರಿನವರ ಎದುರಿಗೆ ಮಾಡಿ ತೋರಿಸಬೇಕು.